ದುಬೈಗೆ ಒಬ್ಬರೇ ಹೊರಡುವ ನಮ್ಮ ಮಕ್ಕಳಿಗೆ ಹೇಳಿಕೊಡುವವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ನಾನು ದಾವಣಗೆರೆ ವಿನೋಬನಗರದವಳು. ಇಲ್ಲೇ ಬಿ.ಕಾಂ. ಮುಗಿಸಿ ಒಬ್ಬರು ಆಡಿಟರ್ ಹತ್ತಿರ ಕೆಲಸಕ್ಕಿದ್ದೆ. 2023ರಲ್ಲಿ ದುಬೈಗೆ ಹೋದೆ. ಆಗ ನನಗೆ ಇಪ್ಪತ್ತೈದು ವರ್ಷ, ಮದುವೆ ಆಗಿರಲಿಲ್ಲ, ಈಗಲೂ ಆಗಿಲ್ಲ. ಅಲ್ಲಿ ಕಟ್ಟಡ ಸಾಮಗ್ರಿ ಮಾರುವ ಒಂದು ಕಂಪನಿಯಲ್ಲಿ ಅಕೌಂಟೆಂಟ್ ಆಗಿದ್ದೇನೆ. ಸದ್ಯ ರಜೆಗೆ ಊರಿಗೆ ಬಂದಿದ್ದೇನೆ. ಮನೆಗೆ ಬಂದವರೆಲ್ಲ ಕಾಫಿ ಕುಡಿದು, ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು ಕೇಳುವುದು ಒಂದೇ. "ನಮ್ಮ ಹುಡುಗನಿಗೂ ಅಲ್ಲಿ ಏನಾದ್ರೂ ನೋಡವ್ವಾ."

ಹೋಗಬೇಡಿ ಅಂತ ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಇಲ್ಲಿ ನನ್ನ ಸಂಬಳ ಹದಿನೆಂಟು ಸಾವಿರ ಇತ್ತು. ಅಲ್ಲಿಗೆ ಹೋದ ಮೇಲೆ ಅಪ್ಪನ ಸಾಲ ತೀರಿತು, ತಮ್ಮ ಡಿಪ್ಲೊಮಾ ಓದುತ್ತಿದ್ದಾನೆ. ಆದರೆ ಹೊರಡುವ ಮುಂಚೆ ಮಕ್ಕಳಿಗೆ ನಾಲ್ಕು ಮಾತು ಹೇಳಿಕೊಡುವವರು ನಮ್ಮ ಜಿಲ್ಲೆಯಲ್ಲಿ ಯಾರೂ ಸಿಗುವುದಿಲ್ಲ. ಅದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದರೂ ಪೂರ್ತಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಮಂಗಳೂರು, ಉಡುಪಿ, ಭಟ್ಕಳ ಕಡೆಯ ಹುಡುಗ ದುಬೈನಲ್ಲಿ ಇಳಿದರೆ ಕರೆದುಕೊಂಡು ಹೋಗೋಕೆ ಸೋದರಮಾವನೋ ಪಕ್ಕದ ಮನೆಯ ಅಣ್ಣನೋ ಬಂದಿರುತ್ತಾರೆ. ಯಾವ ಬಡಾವಣೆಯಲ್ಲಿ ರೂಮು ನೋಡಬೇಕು, ಯಾವ ಕಂಪನಿ ಸಂಬಳ ಎಳೆದಾಡುತ್ತದೆ, ಎಲ್ಲ ಮನೆಯಲ್ಲೇ ಗೊತ್ತಿರುತ್ತದೆ. ಆ ಕಡೆಯವರದ್ದು ಎರಡು ಮೂರು ತಲೆಮಾರಿನ ಓಡಾಟ. ನಾವು ಬಯಲುಸೀಮೆಯವರು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ವಿಮಾನ ಹತ್ತಿದವರೇ ಇರಲಿಲ್ಲ. ಬೆಂಗಳೂರಿನವರೆಗೆ ಅಪ್ಪ ರೈಲಿನಲ್ಲಿ ಬಂದರು. ವಿಮಾನ ನಿಲ್ದಾಣದ ಬಾಗಿಲಿನಾಚೆ ನಾನೊಬ್ಬಳೇ.

ಸರ್ಕಾರ ಇದೆಯಲ್ಲ ಅಂತ ಕೇಳಬಹುದು. ಇಲ್ಲೇ ಒಂದು ತೊಡಕಿದೆ. 1983ರ ವಲಸೆ ಕಾಯ್ದೆಯ ಪ್ರಕಾರ, ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದದ್ದು, ಆಗಿರುತ್ತದೆ. ಅಂಥವರು ಯುಎಇ, ಸೌದಿ, ಕತಾರ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಅವರ ಕರಾರು ಪತ್ರ ಒಬ್ಬ ಅಧಿಕಾರಿಯ ಕಣ್ಣಿಗೆ ಬೀಳುತ್ತದೆ. ಹತ್ತು ಲಕ್ಷದ ಪ್ರವಾಸಿ ಭಾರತೀಯ ವಿಮೆ ಕಡ್ಡಾಯ. ಎರಡು ವರ್ಷಕ್ಕೆ ಕಂತು ಬರೀ 275 ರೂಪಾಯಿ. ನಮ್ಮಂಥ ಪದವೀಧರರಿಗೆ ಇದ್ಯಾವುದೂ ಇಲ್ಲ. ನರ್ಸ್‌ಗಳಿಗೆ ಮಾತ್ರ ಬೇರೆ ನಿಯಮ ಇದೆ. ಉಳಿದ ಓದಿದವರು ಯಾರನ್ನೂ ಕೇಳದೆ ಹೊರಡಬಹುದು. ಓದಿದವರಿಗೆ ಎಲ್ಲ ಗೊತ್ತಿರುತ್ತದೆ ಅಂತ ಸರ್ಕಾರವೂ ಅಂದುಕೊಂಡಿದೆ, ತಂದೆ ತಾಯಿಯೂ ಅಂದುಕೊಂಡಿದ್ದಾರೆ. ಆದರೆ ಡೆಬಿಟ್ಟು ಕ್ರೆಡಿಟ್ಟು ಓದಿದ ನನಗೆ ದುಬೈನ ಬಾಡಿಗೆ ನೋಂದಣಿಯಾದ ಎಜಾರಿ ಅಂದರೆ ಏನು ಅಂತ ಕಾಲೇಜಿನಲ್ಲಿ ಯಾರು ಹೇಳಿದ್ದರು?

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ನನ್ನ ಆಫರ್ ಲೆಟರಿನಲ್ಲಿ ಇದ್ದದ್ದು 4,500 ದಿರ್ಹಂ. ಆಗ ಒಂದು ದಿರ್ಹಂಗೆ 22 ರೂಪಾಯಿ ಆಸುಪಾಸು ಇತ್ತು. ಗುಣಿಸಿದರೆ ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ. ನಮ್ಮ ಓಣಿಯಲ್ಲಿ ಅದು "ತಿಂಗಳಿಗೆ ಲಕ್ಷ" ಅಂತಲೇ ಹರಡಿತು. "ಲಕ್ಷ ಎಣಿಸ್ತೀಯಂತೆ?" ಅಂತ ಫೋನಿನಲ್ಲಿ ದೊಡ್ಡಮ್ಮ ಕೇಳಿದ್ದರು. ಆ ಲಕ್ಷದಲ್ಲಿ ಮಲಗುವ ಮಂಚಕ್ಕೆ 1,000 ದಿರ್ಹಂ. ಮೆಟ್ರೊ ಮತ್ತು ಬಸ್ಸಿನ ಎರಡು ವಲಯದ ತಿಂಗಳ ಪಾಸಿಗೆ 230. ಊಟಕ್ಕೆ 700, ಅದೂ ರೂಮಿನಲ್ಲೇ ಅಡುಗೆ ಮಾಡಿಕೊಂಡರೆ. ಫೋನಿಗೆ, ಸೋಪು ಎಣ್ಣೆ ಬಟ್ಟೆಗೆ ಒಂದಷ್ಟು. ಹುಷಾರು ತಪ್ಪಿದರೆ ಅಂತ ಒಂದಷ್ಟು ಎತ್ತಿಡಬೇಕು. ಕೊನೆಗೆ ನಾನು ಮನೆಗೆ ಕಳಿಸುವುದು ನಲವತ್ತು ಸಾವಿರ ರೂಪಾಯಿ ಆಸುಪಾಸು. ನಲವತ್ತು ಸಾವಿರ ಕಡಿಮೆ ದುಡ್ಡಲ್ಲ. ಆದರೆ ಲಕ್ಷವೇ ಬರುತ್ತದೆ ಅಂತ ಲೆಕ್ಕ ಹಾಕಿ ಊರಿನಲ್ಲಿ ಸೈಟಿಗೆ ಮುಂಗಡ ಕೊಟ್ಟವರ ಮನೆಯಲ್ಲಿ ಜಗಳ ಆಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಸಂಬಳದ ಮೇಲೆ ಅಲ್ಲಿ ಆದಾಯ ತೆರಿಗೆ ಇಲ್ಲ ಅನ್ನುವುದು ನಿಜ. 2018ರಿಂದ ಕೊಳ್ಳುವ ವಸ್ತುಗಳ ಮೇಲೆ ಶೇ 5 ವ್ಯಾಟ್ ಇದೆ.

ಇನ್ನೊಂದು ಮಾತು. ಮೊದಲ ಸಂಬಳ ಕೈಗೆ ಬರುವವರೆಗೆ ಹತ್ತಿರ ಹತ್ತಿರ ಎರಡು ತಿಂಗಳು ಕೈಯಿಂದ ಹಾಕಿಕೊಂಡೇ ಬದುಕಬೇಕು. ಮಂಚದ ಬಾಡಿಗೆ ಮೊದಲೇ ಕೊಡಬೇಕು, ಜೊತೆಗೆ ಡೆಪಾಸಿಟ್ಟು. ಕೈಯಲ್ಲಿ 4,000 ದಿರ್ಹಂ ಇಲ್ಲದೆ ಯಾರೂ ಹೊರಡಬೇಡಿ ಅಂತ ನಾನು ಹೇಳುತ್ತೇನೆ. ಇಲ್ಲದಿದ್ದರೆ ಕ್ರೆಡಿಟ್ ಕಾರ್ಡ್ ಮಾರುವವರ ಫೋನಿಗೆ ಹೂಂ ಅನ್ನುವ ಪರಿಸ್ಥಿತಿ ಬರುತ್ತದೆ. ಅಲ್ಲಿ ಸಾಲ ಕಟ್ಟದೆ ಪ್ರಕರಣ ಆದರೆ ದೇಶ ಬಿಟ್ಟು ಬರದಂತೆ ತಡೆ ಬೀಳಬಹುದು.

ಮಂಚ ಅಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಒಬ್ಬರೇ ಇರುವವರಿಗೆ, ನಮ್ಮಂಥ ಸಂಬಳದವರಿಗೆ ದುಬೈನಲ್ಲಿ ಮನೆ ಸಿಗುವ ಮಾತಿಲ್ಲ. ವರ್ಷದ ಬಾಡಿಗೆಗೆ ಮುಂದಿನ ತಾರೀಖಿನ ಚೆಕ್ಕುಗಳನ್ನು ಮೊದಲೇ ಬರೆದುಕೊಡಬೇಕು. ಕರೆಂಟು ನೀರಿನ ಸಂಪರ್ಕಕ್ಕೇ ಫ್ಲಾಟಿಗೆ 2,000 ದಿರ್ಹಂ ಠೇವಣಿ. ಎಷ್ಟೋ ಕಡೆ "ಫ್ಯಾಮಿಲಿಗೆ ಮಾತ್ರ" ಅಂತಾರೆ. ಹಾಗಾಗಿ ಎಲ್ಲರೂ ಹೋಗುವುದು ಬೆಡ್ ಸ್ಪೇಸ್‌ಗೆ, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಹಾಸಿಗೆಯ ಬಾಡಿಗೆಗೆ. ಕರಾಮ, ಬರ್ ದುಬೈ, ದೇರಾ, ಸತ್ವಾ, ಅಲ್ ನಹ್ದಾ ಕಡೆ ಗೋಡೆ ಗೋಡೆಗೂ ಚೀಟಿ ಅಂಟಿಸಿರುತ್ತಾರೆ, ಮೊಬೈಲಿನಲ್ಲಂತೂ ಲೆಕ್ಕವಿಲ್ಲ.

ನಾನು ಸೇರಿದ್ದು ಕರಾಮದ ಹೆಂಗಸರ ರೂಮು. ಒಂದರ ಮೇಲೊಂದು ಹಾಸಿಗೆ ಇರುವ ಮೂರು ಕಬ್ಬಿಣದ ಮಂಚ, ಆರು ಜನ. ಕೇರಳದ ಒಬ್ಬ ನರ್ಸು, ಪಾರ್ಲರಿನಲ್ಲಿ ಕೆಲಸ ಮಾಡುವ ಇಬ್ಬರು ಫಿಲಿಪ್ಪೀನ್ಸ್ ಹುಡುಗಿಯರು, ಕ್ಯಾಷಿಯರ್ ಆಗಿದ್ದ ನೇಪಾಳದವಳು, ವಿಜಯವಾಡದ ಒಬ್ಬಳು ಮತ್ತು ನಾನು. ಪ್ರತಿ ಮಂಚಕ್ಕೂ ಪರದೆ. ಪರದೆ ಎಳೆದುಕೊಂಡರೆ ಆ ಆರಡಿ ಜಾಗ ನಮ್ಮ ಮನೆ. ದಿಂಬಿನ ಹತ್ತಿರ ಒಂದು ಪ್ಲಗ್, ಕಾಲ ಹತ್ತಿರ ಸೂಟ್‌ಕೇಸು. ಫ್ರಿಜ್ಜಿನಲ್ಲಿ ಒಬ್ಬೊಬ್ಬರಿಗೆ ಅರ್ಧ ಶೆಲ್ಫು, ಅದರ ಮೇಲೆ ಹೆಸರಿನ ಚೀಟಿ. ಬೆಳಗ್ಗೆ ಬಚ್ಚಲಿಗೆ ಹೋಗುವ ಸರದಿ ಗೋಡೆಯ ಮೇಲೆ ಬರೆದಿತ್ತು. ನನ್ನದು ಆರು ಗಂಟೆಯ ನಂತರದ್ದು, ಅದಕ್ಕೆ ಮುಂಚೆ ನರ್ಸಕ್ಕನದ್ದು. ಒಲೆ ಎರಡು ಉರಿಯದ್ದು. ಒಂದರ ಮೇಲೆ ರೂಮಿನ ಒಬ್ಬ ಹುಡುಗಿ ಒಣಮೀನು ಹುರಿಯುತ್ತಿರುವಾಗ ಇನ್ನೊಂದರ ಮೇಲೆ ನನ್ನ ಅನ್ನ ಬೇಯುತ್ತಿತ್ತು. ಲಿಂಗಾಯತರ ಮನೆಯಲ್ಲಿ ಬೆಳೆದ ನನಗೆ ಮೊದಮೊದಲು ಅದು ಕಷ್ಟವೇ ಆಯಿತು. ಆಮೇಲೆ ಅದೇ ಹುಡುಗಿ ನನಗೆ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟಳು. ಬೇರೆ ಪಾತ್ರೆಯಲ್ಲಿ ಮಾಡಿದ್ದೇನೆ ಅಂತ ತಾನಾಗೇ ಹೇಳಿದಳು.

ಮಂಚ ಹಿಡಿಯುವ ಮುಂಚೆ ಏನು ನೋಡಬೇಕು ಅಂತ ಅಲ್ಲಿ ಇದ್ದು ಕಲಿತಿದ್ದನ್ನು ಹೇಳುತ್ತೇನೆ. ಹಾಸಿಗೆ ಎತ್ತಿ, ಹೊಲಿಗೆಗಳ ಮೇಲೆ, ಮಂಚದ ಕೀಲುಗಳಲ್ಲಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಸಣ್ಣ ಕರಿ ಚುಕ್ಕೆಗಳಿದ್ದರೆ ತಿಗಣೆ ಇದೆ ಅಂತಲೇ. ಅಂಥ ರೂಮಿಗೆ ಹೋದರೆ ಬಟ್ಟೆಬರೆಯ ಜೊತೆ ಮುಂದಿನ ರೂಮಿಗೂ ಅವು ಬರುತ್ತವೆ. ಫ್ಲಾಟಿನ ಹಾಲ್‌ನಲ್ಲಿ ಪ್ಲೈವುಡ್ ಗೋಡೆ ನಿಲ್ಲಿಸಿ ಗೂಡು ಮಾಡಿದ್ದರೆ ಬೇಡ ಅನ್ನಿ. ಅನುಮತಿ ಇಲ್ಲದ ಅಂಥ ಪಾರ್ಟಿಷನ್ ಕಾನೂನಿಗೆ ವಿರುದ್ಧ. ಬೆಂಕಿ ಬಿದ್ದರೆ ಹೊರಗೆ ಬರೋಕೆ ದಾರಿ ಇರುವುದಿಲ್ಲ. 2025ರಲ್ಲಿ ನಗರಪಾಲಿಕೆಯವರು ರಿಗ್ಗಾ, ಸತ್ವಾ, ಬರ್ಶಾ ಕಡೆ ತಪಾಸಣೆ ಮಾಡಿದಾಗ ಎಷ್ಟೋ ಹುಡುಗರು ಬೇರೆ ಜಾಗ ಹುಡುಕಿಕೊಂಡು ಓಡಾಡಿದರು. ಎಜಾರಿ ಅಂದರೆ ಬಾಡಿಗೆ ಕರಾರನ್ನು ಸರ್ಕಾರದಲ್ಲಿ ನೋಂದಾಯಿಸುವುದು. ರೂಮು ಕೊಡುವವರ ಹೆಸರಿನಲ್ಲಿ ಅದು ಇದೆಯಾ, ಅದರ ಜೊತೆ ನಿಮ್ಮ ಹೆಸರನ್ನೂ ಸೇರಿಸುತ್ತಾರಾ ಅಂತ ಕೇಳಿ. ದುಡ್ಡು ಕೊಟ್ಟಿದ್ದಕ್ಕೆ ರಸೀದಿ ಪಡೆಯಿರಿ. ಮುಖ ನೋಡಿ ನಂಬುವುದು ಅಲ್ಲಿ ನಡೆಯುವುದಿಲ್ಲ.

ಬಿಸಿಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ. "ನಮ್ಮ ದಾವಣಗೆರೆ ಬಿಸಿಲು ಕಂಡವರಿಗೆ ಅದೇನು ಮಹಾ" ಅಂತ ಚಿಕ್ಕಪ್ಪನೂ ಹೇಳಿದ್ದರು. ಇಲ್ಲಿ ಏಪ್ರಿಲ್‌ನಲ್ಲಿ ಎಷ್ಟೇ ಸುಟ್ಟರೂ ಸಂಜೆಗೆ ಗಾಳಿ ಬೀಸುತ್ತದೆ, ಮೇ ಹೊತ್ತಿಗೆ ಒಂದೆರಡು ಮಳೆ ಬೀಳುತ್ತದೆ. ದುಬೈ ಮರುಭೂಮಿ ಹೌದು, ಆದರೆ ಸಮುದ್ರದ ದಡದ ಮರುಭೂಮಿ. ಜುಲೈ, ಆಗಸ್ಟ್‌ನಲ್ಲಿ ಹಗಲು 41, 42 ಡಿಗ್ರಿ, ರಾತ್ರಿಯೂ 30ಕ್ಕಿಂತ ಕೆಳಗೆ ಇಳಿಯುವುದು ಕಡಿಮೆ. ಅದರ ಮೇಲೆ ಕಡಲಿನ ತೇವ. ಕಚೇರಿಯ ಎಸಿಯಿಂದ ಹೊರಗೆ ಕಾಲಿಟ್ಟರೆ ಕನ್ನಡಕದ ಗಾಜು ಪೂರ್ತಿ ಮಂಜಾಗುತ್ತದೆ, ಒಂದು ನಿಮಿಷ ಏನೂ ಕಾಣುವುದಿಲ್ಲ. ಬಸ್ ನಿಲ್ದಾಣಗಳಿಗೂ ಎಸಿ ಹಾಕಿರುವುದು ಶೋಕಿಗಲ್ಲ ಅಂತ ಆಗ ತಿಳಿಯುತ್ತದೆ. ಒಳಗೆ ಮಾತ್ರ ಎಷ್ಟು ಚಳಿ ಅಂದರೆ ಕಚೇರಿಗೆ ಸ್ವೆಟರ್ ಬೇಕು. ದುಬೈಗೆ ಸ್ವೆಟರ್ ಯಾಕೆ ಅಂತ ಅಮ್ಮ ನನ್ನ ಪೆಟ್ಟಿಗೆಯಿಂದ ತೆಗೆದಿಟ್ಟಿದ್ದರು.

ಬೇಸಿಗೆಯಲ್ಲಿ ನಲ್ಲಿ ನೀರು ಮುಟ್ಟೋಕೆ ಆಗುವುದಿಲ್ಲ. ಟ್ಯಾಂಕು ಇರುವುದು ತಾರಸಿಯ ಮೇಲೆ. ತಣ್ಣೀರಿನ ನಲ್ಲಿ ತಿರುಗಿಸಿದರೂ ಕುದಿ ನೀರೇ ಬರುತ್ತದೆ. ಅದಕ್ಕೆ ಅಲ್ಲಿಯವರು ಒಂದು ಉಪಾಯ ಮಾಡಿಕೊಂಡಿದ್ದಾರೆ. ಜೂನ್ ಬಂತು ಅಂದರೆ ಗೀಸರ್ ಆರಿಸಿಬಿಡುತ್ತಾರೆ. ಗೀಸರ್ ಒಳಗಿನ ನೀರು ಎಸಿ ಇರುವ ಮನೆಯೊಳಗೆ ನಿಂತು ತಣ್ಣಗಾಗುತ್ತದೆ. ಆಗ ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು. ನರ್ಸಕ್ಕ ಇದನ್ನು ಹೇಳಿಕೊಡುವವರೆಗೆ ನಾನು ರಾತ್ರಿಯೇ ಬಕೆಟ್ ತುಂಬಿಟ್ಟು ಬೆಳಗ್ಗೆ ಸ್ನಾನ ಮಾಡುತ್ತಿದ್ದೆ. ಹೊಸದಾಗಿ ಹೋಗುವವರಿಗೆ ಇಂಥ ಸಣ್ಣ ವಿಷಯಗಳನ್ನೇ ಯಾರೂ ಹೇಳುವುದಿಲ್ಲ ನೋಡಿ.

ಆ ನೀರೂ ಸಮುದ್ರದ ಉಪ್ಪು ತೆಗೆದು ಮಾಡಿದ್ದು. ಪಕ್ಕದ ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಅಂತ ಶಾಲೆಯಲ್ಲಿ ಓದಿದವರು ನಾವು. ದುಬೈಗೆ ವರ್ಷವಿಡೀ ಬೀಳುವುದು ನೂರು ಮಿಲಿಮೀಟರಿಗೂ ಕಡಿಮೆ. ಅಂಥ ಊರಿಗೆ 2024ರ ಏಪ್ರಿಲ್ 16ರಂದು 75 ವರ್ಷದಲ್ಲೇ ಕಾಣದ ಮಳೆ ಸುರಿಯಿತು. ದೊಡ್ಡ ದೊಡ್ಡ ರಸ್ತೆಗಳು ಕೆರೆಯಾದವು, ವಿಮಾನ ನಿಲ್ದಾಣದಲ್ಲೇ ನೀರು ನಿಂತಿತು. ನಮ್ಮ ಕಟ್ಟಡದಲ್ಲಿ ಲಿಫ್ಟ್ ನಿಂತುಹೋಗಿತ್ತು. ಮೇಲಿನ ಮಹಡಿಯ ಹುಡುಗರು ಎಲ್ಲರಿಗೂ ಕುಡಿಯುವ ನೀರಿನ ಕ್ಯಾನು ಹೊತ್ತು ತಂದರು.

ಬಿಸಿಲಿನಲ್ಲಿ ಹೊರಗೆ ದುಡಿಯುವ ಹುಡುಗರು ಒಂದು ನಿಯಮ ತಿಳಿದಿರಬೇಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಮಾಡಿಸಿದರೆ ಕಂಪನಿಗೆ ದಂಡ.

ಈಗ ಏಜೆಂಟರ ವಿಷಯ. ನಮ್ಮ ಹಿಂದಿನ ಓಣಿಯ ಒಬ್ಬ ಹುಡುಗ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದಾನೆ. ಒಬ್ಬ ಏಜೆಂಟು ಅವನಿಂದ ಒಂದೂವರೆ ಲಕ್ಷ ತೆಗೆದುಕೊಂಡು ವಿಸಿಟ್ ವೀಸಾದಲ್ಲಿ ಕಳಿಸಿದ. "ಇಳಿದ ಮೇಲೆ ಕೆಲಸದ ವೀಸಾ ಆಗ್ತದೆ" ಅಂದಿದ್ದ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ. ಇವನನ್ನು ಒಂದು ವರ್ಕ್‌ಶಾಪಿನವರು ಟ್ರಯಲ್ ಅಂತ ದುಡಿಸಿಕೊಂಡು ಬರಿಗೈಯಲ್ಲಿ ಕಳಿಸಿದರು. ವೀಸಾ ಅವಧಿ ಮುಗಿಯಿತು. ಮುಗಿದ ಮೇಲೆ ದಿನಕ್ಕೆ 50 ದಿರ್ಹಂ ದಂಡ. ಅದನ್ನು ಕಟ್ಟಿ, ಟಿಕೆಟ್ ತೆಗೆದು ಊರಿಗೆ ಬರೋಕೆ ಅವನ ಅಕ್ಕನ ಬಳೆ ಅಡವಿಗೆ ಹೋಯಿತು. ಏಜೆಂಟು ಇವತ್ತು ಫೋನ್ ಎತ್ತುವುದಿಲ್ಲ. ಹುಡುಗ ಈಗ ಮಾವನ ಗ್ಯಾರೇಜಿನಲ್ಲಿದ್ದಾನೆ, ಯಾರ ಹತ್ತಿರವೂ ಇದರ ಮಾತು ಎತ್ತುವುದಿಲ್ಲ. ತಪ್ಪು ಅವನದ್ದೇ ಅನ್ನುವ ಹಾಗೆ ತಲೆ ತಗ್ಗಿಸಿಕೊಂಡು ಓಡಾಡುತ್ತಾನೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಅವನಿಗೆ ಇಷ್ಟು ಗೊತ್ತಿದ್ದರೆ ಸಾಕಿತ್ತು. ನೋಂದಾಯಿತ ಏಜೆಂಟು ಹುಡುಗನಿಂದ ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ಅದಕ್ಕೂ ರಸೀದಿ ಕೊಡಬೇಕು. ಏಜೆಂಟಿಗೆ ಪರವಾನಗಿ ಇದೆಯೋ ಇಲ್ಲವೋ ಅನ್ನುವುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಯುಎಇ ಕಾನೂನಿನ ಪ್ರಕಾರ ಕೆಲಸದ ವೀಸಾದ ಖರ್ಚು ಕಂಪನಿಯದ್ದೇ, ಅದನ್ನು ಕೆಲಸಗಾರನ ತಲೆಗೆ ಹಾಕುವಂತಿಲ್ಲ. ಪಾಸ್‌ಪೋರ್ಟನ್ನು ಕಂಪನಿ ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಹತ್ತನೇ ಪಾಸಾಗದ ಹೆಣ್ಣುಮಕ್ಕಳನ್ನು ಮನೆಕೆಲಸಕ್ಕೆ ಅಂತ ಕರೆದುಕೊಂಡು ಹೋಗುವವರು ಹಳ್ಳಿಗಳಿಗೂ ಬರುತ್ತಾರೆ. ಅಂಥವರಿಗೆ 30 ವರ್ಷ ತುಂಬದೆ ನಮ್ಮ ಸರ್ಕಾರ ಅನುಮತಿಯನ್ನೇ ಕೊಡುವುದಿಲ್ಲ. ಅದನ್ನು ತಪ್ಪಿಸಿ ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ ಅನ್ನುವವನನ್ನು ಮನೆಯೊಳಗೆ ಕೂರಿಸಬೇಡಿ.

ಆಫರ್ ಲೆಟರ್ ಓದುವುದನ್ನೂ ಕಲಿಸಬೇಕು. ಒಟ್ಟು ಸಂಬಳ ನೋಡಿ ಖುಷಿಪಡುತ್ತೇವೆ, ಬೇಸಿಕ್ ಎಷ್ಟು ಅಂತ ನೋಡುವುದಿಲ್ಲ. ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಯಿಟಿ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಲೆಕ್ಕದಲ್ಲಿ, ಬರೀ ಬೇಸಿಕ್ ಮೇಲೆ. ಒಂದು ವರ್ಷ ತುಂಬದೆ ಬಿಟ್ಟರೆ ಅದೂ ಇಲ್ಲ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಕಾನೂನಿನಲ್ಲಿ ಪ್ರೊಬೇಷನ್ ಆರು ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ. ಆ ಅವಧಿಯಲ್ಲಿ ತೆಗೆಯುವುದಾದರೆ ಹದಿನಾಲ್ಕು ದಿನ ಮುಂಚೆ ಬರವಣಿಗೆಯಲ್ಲಿ ಹೇಳಬೇಕು. 2023ರಿಂದ ಕೆಲಸ ಹೋದರೆ ಅಂತ ಒಂದು ವಿಮೆ ಕಡ್ಡಾಯವಾಗಿದೆ. ನಮ್ಮಂಥ ಸಂಬಳದವರಿಗೆ ತಿಂಗಳಿಗೆ 5 ದಿರ್ಹಂ. ಕಟ್ಟದೆ ಬಿಟ್ಟರೆ ದಂಡ ಬೀಳುತ್ತದೆ. ಅಲ್ಲಿನ ಕಾರ್ಮಿಕ ಸಚಿವಾಲಯ ಆಫರ್ ಲೆಟರನ್ನು ಅರೇಬಿಕ್, ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ಗೊತ್ತಿರುವ ಇನ್ನೊಂದು ಭಾಷೆಯಲ್ಲೂ ಕೊಡುತ್ತದೆ. ಹಿಂದಿ ಇದೆ, ಮಲಯಾಳಂ ಇದೆ, ತಮಿಳು, ಬಂಗಾಳಿ, ಉರ್ದು ಇದೆ. ಕನ್ನಡ ಇಲ್ಲ. ಇದನ್ನು ನಮ್ಮ ರಾಜ್ಯದ ಅನಿವಾಸಿ ಭಾರತೀಯ ಸಮಿತಿಯವರು ಕೇಳಿ ಮಾಡಿಸಬೇಕು.

ಸರ್ಟಿಫಿಕೇಟಿನ ಕೆಲಸ ಊರಿನಲ್ಲಿರುವಾಗಲೇ ಮುಗಿಸಿಕೊಳ್ಳಿ. ದಾವಣಗೆರೆ ವಿಶ್ವವಿದ್ಯಾಲಯದ ನನ್ನ ಪದವಿ ಪತ್ರಕ್ಕೆ ರಾಜ್ಯ ಮಟ್ಟದ ಮುದ್ರೆ, ವಿದೇಶಾಂಗ ಸಚಿವಾಲಯದ ಮುದ್ರೆ, ಯುಎಇ ರಾಯಭಾರ ಕಚೇರಿಯ ಮುದ್ರೆ, ಎಲ್ಲ ಬೇಕಾಯಿತು. ಬೇರೆ ಎಷ್ಟೋ ದೇಶಗಳಿಗೆ ನಡೆಯುವ ಅಪೋಸ್ಟಿಲ್ ಅನ್ನುವ ಒಂದೇ ಮುದ್ರೆ ಅಲ್ಲಿಗೆ ಸಾಕಾಗುವುದಿಲ್ಲ. ವೀಸಾಕ್ಕೆ ಅಲ್ಲಿ ರಕ್ತ ಪರೀಕ್ಷೆ, ಎದೆಯ ಎಕ್ಸ್-ರೇ ಮಾಡುತ್ತಾರೆ. ಹಿಂದೆ ಕ್ಷಯ ಆಗಿದ್ದವರು ಇಲ್ಲೇ ಒಂದು ಎಕ್ಸ್-ರೇ ತೆಗೆಸಿ ಡಾಕ್ಟರಿಗೆ ತೋರಿಸಿಕೊಂಡು ಹೊರಡುವುದು ಒಳ್ಳೆಯದು.

ಅಮ್ಮಂದಿರಿಗೆ ಒಂದು ಮಾತು. ಪೆಟ್ಟಿಗೆ ಕಟ್ಟುವಾಗ ಶೇಂಗಾ ಚಟ್ನಿಪುಡಿ ಹಾಕಿ, ಕಟಕ್ ರೊಟ್ಟಿ ಹಾಕಿ, ಮಂಡಕ್ಕಿ ಹಾಕಿ. ಗಸಗಸೆ ಮಾತ್ರ ಒಂದು ಕಾಳೂ ಬೇಡ. ಪಾಯಸಕ್ಕೆ, ಮಸಾಲೆಗೆ ನಾವು ಸುಮ್ನೆ ಬಳಸುವ ಗಸಗಸೆ ಯುಎಇಯಲ್ಲಿ ಮಾದಕ ವಸ್ತುವಿನ ಪಟ್ಟಿಯಲ್ಲಿದೆ. ಅದು ಸಿಕ್ಕಿ ಜೈಲು ಕಂಡವರಿದ್ದಾರೆ. ಮನೆಯಲ್ಲಿ ಕುಟ್ಟಿದ ಮಸಾಲೆ ಪುಡಿಯಲ್ಲಿ ಗಸಗಸೆ ಬಿದ್ದಿದ್ದರೆ ಅದನ್ನೂ ಕಳಿಸಬೇಡಿ. ಕೆಲವು ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳಿಗೂ ಅಲ್ಲಿ ಕಟ್ಟುನಿಟ್ಟು. ಟ್ರಮಡಾಲ್, ಕೊಡೀನ್ ಇರುವಂಥವು. ಬೇಕೇ ಬೇಕಾದರೆ ಮೊದಲೇ ಅನುಮತಿ ಪಡೆದು, ಡಾಕ್ಟರ ಚೀಟಿ ಸಮೇತ ಒಯ್ಯಬೇಕು.

ವಾಟ್ಸ್ಆ್ಯಪ್‌ನಲ್ಲಿ ಕರೆ ಅಲ್ಲಿಂದ ಹೋಗುವುದಿಲ್ಲ, ಮೆಸೇಜ್ ಮಾತ್ರ. ಇದು ಗೊತ್ತಿಲ್ಲದೆ ಮೊದಲ ರಾತ್ರಿ ನಮ್ಮಮ್ಮ ಫೋನ್ ಹಿಡಿದುಕೊಂಡು ನಿದ್ದೆಗೆಟ್ಟಿದ್ದರು. ಬೋಟಿಮ್ ಥರದ ಅಲ್ಲಿ ಅನುಮತಿ ಇರುವ ಆ್ಯಪನ್ನು ಹೊರಡುವ ಮುಂಚೆಯೇ ಅಪ್ಪ ಅಮ್ಮನ ಫೋನಿಗೆ ಹಾಕಿ, ಒಂದು ಸಲ ಮಾತಾಡಿ ತೋರಿಸಿ ಹೋಗಿ. ಕೇಳದೆ ಇನ್ನೊಬ್ಬರ ಫೋಟೊ ತೆಗೆಯುವುದು, ಮೆಸೇಜಿನಲ್ಲಿ ಬೈಯುವುದು ಅಲ್ಲಿ ಪೊಲೀಸ್ ಪ್ರಕರಣ ಆಗುತ್ತದೆ. ಗೆಳೆಯರ ಗುಂಪಿನಲ್ಲಿ ಬಾಯಿಗೆ ಬಂದಂತೆ ಬರೆಯುವ ಹುಡುಗರಿಗೆ ಇದನ್ನು ಒತ್ತಿ ಹೇಳಬೇಕು.

ಹೆಣ್ಣುಮಕ್ಕಳ ತಂದೆಯರು ಧ್ವನಿ ತಗ್ಗಿಸಿ ಕೇಳುತ್ತಾರೆ, "ಒಬ್ಬಳೇ ಹೆಂಗಿರ್ತೀಯವ್ವಾ?" ನಾನು ನೇರವಾಗಿ ಹೇಳುತ್ತೇನೆ. ರಾತ್ರಿ ಹತ್ತು ಗಂಟೆಗೆ ಮೆಟ್ರೊ ಇಳಿದು ರೂಮಿಗೆ ನಡೆದು ಹೋಗೋಕೆ ನನಗೆ ಅಲ್ಲಿ ಭಯ ಆಗಿಲ್ಲ. ಮೆಟ್ರೊದಲ್ಲಿ ಹೆಂಗಸರು ಮಕ್ಕಳಿಗೇ ಬೇರೆ ಜಾಗ ಇದೆ. ಹೆಂಗಸರೇ ಓಡಿಸುವ ಗುಲಾಬಿ ಚಾವಣಿಯ ಟ್ಯಾಕ್ಸಿಗಳಿವೆ. ಆ ಊರಿನಲ್ಲಿ ಗಂಡಸರೇ ಜಾಸ್ತಿ, ಆದರೂ ಬೀದಿಯಲ್ಲಿ ಯಾರೂ ತಂಟೆಗೆ ಬರುವುದಿಲ್ಲ. ಎಚ್ಚರ ಬೇಕಾಗುವುದು ಪರಿಚಯದವರ ಹತ್ತಿರ. "ಒಳ್ಳೆ ಕೆಲಸ ಕೊಡಿಸ್ತೀನಿ, ಕಾಫಿಗೆ ಬಾ" ಅನ್ನುವವರ ಹತ್ತಿರ. ತುರ್ತಿಗೆ ಪೊಲೀಸ್ 999, ಬೇರೆ ದೂರಿಗೆ 901. ಭಾರತೀಯರಿಗೆ ನಮ್ಮ ದೂತಾವಾಸದ ಸಹಾಯ ಕೇಂದ್ರ ಇದೆ. ಅಲ್ಲಿಂದ 800 46342 ಒತ್ತಿದರೆ ಹಗಲು ರಾತ್ರಿ ಯಾರಾದರೂ ಎತ್ತುತ್ತಾರೆ, ದುಡ್ಡು ಬೀಳುವುದಿಲ್ಲ. ಈ ನಂಬರನ್ನು ಹೊರಡುವ ಮುಂಚೆ ಮಕ್ಕಳ ಫೋನಿನಲ್ಲಿ ಹಾಕಿಸಿ.

ಒಂಟಿತನದ ಬಗ್ಗೆ ಹೇಳದಿದ್ದರೆ ಪತ್ರ ಅರ್ಧ ಆದಂತೆ. ಕೆಲಸದ ದಿನ ಹೇಗೋ ಕಳೆಯುತ್ತದೆ. ಭಾನುವಾರ ಮಧ್ಯಾಹ್ನ ಕಷ್ಟ. ಹೊರಗೆ ಬಿಸಿಲು, ಒಳಗೆ ಪರದೆ, ಶಾಪಿಂಗ್ ಮಾಲ್‌ಗೆ ಹೋದರೆ ಖರ್ಚು. ಮೊದಲ ತಿಂಗಳುಗಳಲ್ಲಿ ನಾನು ಒಂದು ದಿರ್ಹಂ ಕೊಟ್ಟು ಅಬ್ರಾ ದೋಣಿ ಹತ್ತಿ ಬರ್ ದುಬೈಯಿಂದ ದೇರಾಕ್ಕೆ ಹೋಗುತ್ತಿದ್ದೆ, ಇನ್ನೊಂದು ದಿರ್ಹಂ ಕೊಟ್ಟು ವಾಪಸ್ ಬರುತ್ತಿದ್ದೆ. ನೀರಿನ ಗಾಳಿ ಮುಖಕ್ಕೆ ತಾಗಿದರೆ ಸ್ವಲ್ಪ ಸಮಾಧಾನ. ಆಮೇಲೆ ಕನ್ನಡ ರಾಜ್ಯೋತ್ಸವಕ್ಕೆ ಹೋದಾಗ ಹರಿಹರದ ಒಬ್ಬ ಅಕ್ಕ ಸಿಕ್ಕರು. ನನ್ನ ಮಾತು ಕೇಳಿದ್ದೇ "ದಾವಣಗೆರೆನಾ?" ಅಂದರು. ಯುಗಾದಿಗೆ ಅವರ ಮನೆಗೆ ಕರೆದರು. ಬೇವು ಎಲ್ಲಿ ಸಿಗುತ್ತದೆ ಅಂತ ನಾನು ಯೋಚಿಸುತ್ತಿದ್ದರೆ, ಆ ಊರಿನ ರಸ್ತೆ ಬದಿಗೆಲ್ಲ ಬೇವಿನ ಮರ ಹಾಕಿದ್ದಾರೆ, ನಾನೇ ನೋಡಿರಲಿಲ್ಲ. ಮಕ್ಕಳು ಹೋದ ಮೇಲೆ ಬರೀ "ದುಡ್ಡು ಕಳಿಸಿದೆಯಾ" ಅಂತ ಕೇಳಬೇಡಿ. ಊಟ ಏನು ಮಾಡಿದೆ, ಯಾರ ಜೊತೆ ಮಾತಾಡಿದೆ ಅಂತ ಕೇಳಿ. "ಯಾವಾಗ ಬರ್ತೀಯ, ಗಂಡು ನೋಡಿದ್ದೀವಿ" ಅನ್ನುವುದನ್ನು ಪ್ರತಿ ಫೋನಿನಲ್ಲೂ ಹೇಳಿದರೆ ಹುಡುಗಿ ಫೋನ್ ಮಾಡುವುದನ್ನೇ ಕಡಿಮೆ ಮಾಡುತ್ತಾಳೆ.

ಕೇರಳದವರು 1996ರಲ್ಲೇ ಅನಿವಾಸಿ ಕೇರಳೀಯರಿಗೆ ಅಂತ ಒಂದು ಇಲಾಖೆ ಮಾಡಿಕೊಂಡರು. ಅವರ ನೋರ್ಕಾ ಕಚೇರಿಯಲ್ಲೇ ಸರ್ಟಿಫಿಕೇಟಿಗೆ ಮುದ್ರೆ ಆಗುತ್ತದೆ. ನಮ್ಮ ನರ್ಸಕ್ಕ ಹೊರಡುವ ಮುಂಚೆ ತರಬೇತಿಗೆ ಹೋಗಿ ಕೂತು ಬಂದವರು. ರೂಮಿನಲ್ಲಿ ಏನೇ ತೊಂದರೆ ಬಂದರೂ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿದ್ದದ್ದು ಅವರೊಬ್ಬರಿಗೇ. ನಮ್ಮಲ್ಲೂ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಆದರೆ ಬೆಂಗಳೂರಿನಲ್ಲಿ. ಜಗಳೂರಿನ ಹುಡುಗ, ಚಳ್ಳಕೆರೆಯ ಹುಡುಗಿ ಅಲ್ಲಿಯವರೆಗೆ ಕೇಳಿಕೊಂಡು ಹೋಗುತ್ತಾರಾ? ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ವಾರಕ್ಕೊಂದು ದಿನ ಒಬ್ಬರು ಕೂತು ಆಫರ್ ಲೆಟರ್ ಓದಿ ಹೇಳಿದರೂ ಎಷ್ಟೋ ಬಳೆಗಳು ಉಳಿಯುತ್ತವೆ. ದಾವಣಗೆರೆಯಲ್ಲಿ ಎಷ್ಟು ಕಾಲೇಜುಗಳಿವೆ, ನಿಮಗೇ ಗೊತ್ತು. ಕೊನೆಯ ವರ್ಷದ ಮಕ್ಕಳಿಗೆ ಅರ್ಧ ದಿನ ಇದಕ್ಕೆ ಮೀಸಲಿಡುವುದು ಪ್ರಾಂಶುಪಾಲರಿಗೆ ಕಷ್ಟವಲ್ಲ.

ನಿಮ್ಮಲ್ಲೂ ಒಂದು ವಿನಂತಿ ಇದೆ. ಪತ್ರಿಕೆಗಳ ಸಣ್ಣ ಜಾಹೀರಾತುಗಳಲ್ಲಿ "ದುಬೈನಲ್ಲಿ ಕೆಲಸ, ಕೂಡಲೇ ವೀಸಾ" ಅಂತ ಬರೀ ಮೊಬೈಲ್ ನಂಬರ್ ಇರುವುದನ್ನು ನೋಡುತ್ತೇನೆ. ಅಂಥ ಜಾಹೀರಾತು ಕೊಡಲು ಬಂದವರ ಹತ್ತಿರ ನೋಂದಣಿ ಸಂಖ್ಯೆ ಕೇಳಿ. ಆ ಸಂಖ್ಯೆಯನ್ನೂ ಜೊತೆಗೆ ಅಚ್ಚು ಹಾಕಿ. ಇಲ್ಲದವರದ್ದು ತೆಗೆದುಕೊಳ್ಳಬೇಡಿ.

ನಾನು ಈ ತಿಂಗಳ ಕೊನೆಯವರೆಗೆ ಊರಿನಲ್ಲಿರುತ್ತೇನೆ. ದಾವಣಗೆರೆ, ಹರಿಹರ, ಚಿತ್ರದುರ್ಗದ ಯಾವ ಕಾಲೇಜಿನವರು ಕರೆದರೂ ಬಂದು ಮಾತಾಡುತ್ತೇನೆ. ನಿಮ್ಮ ಕಚೇರಿಯಲ್ಲಿ ನನ್ನ ನಂಬರ್ ಕೊಟ್ಟಿದ್ದೇನೆ, ಕೇಳಿದವರಿಗೆ ಕೊಡಿ. ಆಫರ್ ಲೆಟರ್ ಕೈಯಲ್ಲಿರುವವರು ಅದನ್ನು ತಂದರೆ ಒಟ್ಟಿಗೆ ಕೂತು ಸಾಲು ಸಾಲಾಗಿ ಓದೋಣ. ಸಹಿ ಹಾಕುವ ಮುಂಚೆ ಬನ್ನಿ.

ಇಂತಿ,
ನಿಮ್ಮ ಓದುಗಾರ್ತಿ
ವಿನೋಬನಗರ, ದಾವಣಗೆರೆ